ಶಮ್ಸುನ್ನೀಸಾ ಬದಲಾಯಿಸಿದ ಕಡೆಯ ರೀಲು

ಶಿಡ್ಲಘಟ್ಟದಲ್ಲಿ ಸಾದಿಕ್ ಪಾಷಾ ಅವರದೊಂದು ರೇಷ್ಮೆ ಫಿಲೇಚರ್ ಇತ್ತು. ಬಿಸಿನೀರಿನ ಬೇಸಿನ್ನುಗಳ ಮುಂದೆ ಹನ್ನೆರಡು ಹೆಂಗಸರು ಸಾಲಾಗಿ ಕೂತು, ನೀರಲ್ಲಿ ತೇಲುವ ಗೂಡುಗಳಿಂದ ಎಳೆ ಹುಡುಕಿ ರಾಟೆಗೆ ಹಚ್ಚುವ ಜಾಗ ಅದು. ವಾರದ ಉಳಿದ ದಿನ ಒಬ್ಬಳಲ್ಲ ಒಬ್ಬಳು ತಡವಾಗಿ ಬಂದು ಪಾಷಾ ಅವರ ಹತ್ತಿರ ಬೈಸಿಕೊಳ್ಳುತ್ತಿದ್ದಳು. ಶನಿವಾರ ಮಾತ್ರ ಹನ್ನೆರಡೂ ಜನ ಹೊತ್ತಿಗೆ ಮುಂಚೆ ಹಾಜರು. ಪಾಷಾ ಅವರು ಇದು ತಮ್ಮ ಬೈಗುಳದ ಮಹಿಮೆ ಎಂದುಕೊಂಡಿದ್ದರು, ಪಾಪ. ಅಸಲು ಸಂಗತಿ ಏನೆಂದರೆ, ಶುಕ್ರವಾರ ಮ್ಯಾಟಿನಿ ನೋಡಿಬಂದ ಹಿಂದಿ ಸಿನಿಮಾ ಎಂಥದ್ದು ಎಂದು ಮೂರನೇ ಬೇಸಿನ್ನಿನ ಶಮ್ಸುನ್ನೀಸಾ ತೀರ್ಪು ಕೊಡುತ್ತಿದ್ದದ್ದು ಶನಿವಾರ.

ಜುಮ್ಮಾ ನಮಾಜು ಎಂದು ಶುಕ್ರವಾರ ಮಧ್ಯಾಹ್ನ ಫಿಲೇಚರ್ ಮುಚ್ಚುತ್ತಿತ್ತು. ಅವಳ ತಮ್ಮ ಕಲಂದರ್ ಬಸ್ ಸ್ಟ್ಯಾಂಡಿನ ಹಿಂದಿನ ಟಾಕೀಸಿನಲ್ಲಿ ಗೇಟ್ ಕಾಯುತ್ತಿದ್ದ. ಹಾಗಾಗಿ ಹೆಂಗಸರ ಬೆಂಚಿನ ತುದಿಯಲ್ಲಿ ಅವಳಿಗೊಂದು ಜಾಗ ಖಾಯಂ. ಮಿಕ್ಕ ಹನ್ನೊಂದು ಜನಕ್ಕೆ ತಿಂಗಳಿಗೆ ಒಂದು ಸಿನಿಮಾ ನೋಡಲು ಸಾಧ್ಯವಾದರೆ ಅದೇ ದೊಡ್ಡದು. ಅವರಲ್ಲಿ ಹಿಂದಿ ಬಲ್ಲವರು ಇಬ್ಬರು ಮೂವರು. ತಿಂಗಳ ನಾಲ್ಕು ಸಿನಿಮಾಗಳಲ್ಲಿ ಆ ಒಂದು ಯಾವುದಾಗಬೇಕು ಎಂದು ಶಮ್ಸುನ್ನೀಸಾ ಹೇಳಬೇಕು, ಅವರು ಹೋಗಬೇಕು.

ಅವಳು ಒಂದು ಕಡೆ ಕೂರುವ ಹೆಂಗಸಲ್ಲ. ಚಿಂತಾಮಣಿಯಲ್ಲಿ ಹುಟ್ಟಿ, ಹತ್ತೊಂಬತ್ತಕ್ಕೆ ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದು, ಇಪ್ಪತ್ತಾರಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವಳು. ಮನೆಯಲ್ಲಿ ಕೂತರೆ ಗೋಡೆಗಳು ಮೈಮೇಲೆ ಬರುತ್ತವೆ ಎನ್ನುತ್ತಿದ್ದಳು. ಊರಿನ ಟಾಕೀಸಿನಲ್ಲಿ ತೆಲುಗು ಸಿನಿಮಾ ಬಿದ್ದ ವಾರ ಬಸ್ಸು ಹತ್ತಿ ಚಿಂತಾಮಣಿಗೆ ಹೋಗುವಳು. ಅಲ್ಲೂ ಇಲ್ಲದಿದ್ದರೆ ಮುಂದಿನ ಶುಕ್ರವಾರ ಮಂಚೇನಹಳ್ಳಿ ಮೇಲೆ ಗೌರಿಬಿದನೂರಿನವರೆಗೂ ಹೋಗುವಳು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೇ ತನಗೆ ಸ್ವಲ್ಪ ನೆಮ್ಮದಿ ಎಂದು ಒಮ್ಮೆ ಅವಳೇ ಹೇಳಿದ್ದುಂಟು.

ಅವಳ ತೀರ್ಪಿಗೆ ಒಂದು ಕ್ರಮವಿತ್ತು. ಮೊದಲು ನಟನೆಗೆ ಅಂಕ, ಆಮೇಲೆ ಕಥೆಗೆ. ಎರಡೂ ಹದಿನಾರಾಣೆ ಲೆಕ್ಕದಲ್ಲಿ. ಎರಡನ್ನೂ ಕಲಸಿ ಹೇಳಲು ಅವಳು ಒಪ್ಪುತ್ತಿರಲಿಲ್ಲ. "ಆ ಮುದುಕನ ಪಾರ್ಟು ಮಾಡ್ದೋನು ಹದಿನಾಲ್ಕಾಣೆ. ಕಥೆ ಮೂರಾಣೆ. ಮೂರೂ ಜಾಸ್ತೀನೇ. ಕಳೆದುಹೋದ ಮಗ ಕಡೇಗೆ ಅದೇ ಮನೆಗೆ ಡ್ರೈವರ್ ಆಗಿ ಬರೋದಾ? ದೇಶದಲ್ಲಿ ಬೇರೆ ಮನೆ ಇರ್ಲಿಲ್ವಾ?" ಎನ್ನುವಳು. ಮೇಲೆ ಹೊಳಪಿದ್ದು ಒಳಗೆ ಎಳೆ ಕಿತ್ತುಹೋಗುವ ಗೂಡುಗಳನ್ನು ಕೈಗೆ ತೆಗೆದುಕೊಂಡ ಕೂಡಲೇ ಗುರುತಿಸುವ ಹೆಂಗಸರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಹೋಗಬೇಡಿ ಎಂದ ಸಿನಿಮಾಕ್ಕೆ ಯಾರೂ ಹೋಗುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅವಳ ಲೆಕ್ಕ ಸುಳ್ಳಾಯಿತು ಎಂದು ಯಾರೂ ಅಂದದ್ದಿಲ್ಲ.

ಎಂಬತ್ತೇಳನೇ ಇಸವಿಯ ಬೇಸಗೆಯಲ್ಲಿ ಒಂದು ಸಿನಿಮಾ ಬಂತು. ಹೊಡೆಯುವ ಗಂಡ, ಸಹಿಸುವ ಹೆಂಡತಿ. ಕಥೆ ಹಳೆಯದೇ. ಆದರೆ ಹೆಂಡತಿಯ ಪಾರ್ಟು ಮಾಡಿದವಳು ಬಾಯಿ ಬಿಡದೆ, ಬರೀ ರೊಟ್ಟಿ ಬಡಿಸುವ ಕೈಯಲ್ಲೇ ಅವಳ ಸಿಟ್ಟನ್ನೆಲ್ಲ ತೋರಿಸಿದ್ದಳು. ಗಂಡನ ಮನೆ ಬಿಟ್ಟು ಮಗುವನ್ನು ಎತ್ತಿಕೊಂಡು ಅವಳು ಹೊರಟಾಗ ಶಮ್ಸುನ್ನೀಸಾ ಬೆಂಚಿನ ಮೇಲೆ ಕೂತಿರಲಾರದೆ ಎದ್ದು ನಿಂತಳು, ಹಿಂದಿನವರು ಕೂಗಿಕೊಂಡರು. ಕಡೆಯ ಹದಿನೈದು ನಿಮಿಷದಲ್ಲಿ ಕಥೆ ಬರೆದ ಮಹಾನುಭಾವ ಅದೇ ಹೆಂಗಸನ್ನು ತಂದು ಗಂಡನ ಕಾಲಿನ ಮೇಲೆ ಬೀಳಿಸಿದ. ಶಮ್ಸುನ್ನೀಸಾಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ಚಹಾ ಕಾಯಿಸಿದಳು, ಕುಡಿಯಲಿಲ್ಲ. ಬಾಗಿಲಿಗೂ ಬಚ್ಚಲಿಗೂ ತಿರುಗಿದಳು. ಕಲಂದರನ ಮೇಲೆ, ಇಂಥ ಸಿನಿಮಾಕ್ಕೆ ಯಾಕಾದರೂ ಗೇಟ್ ತೆಗೆಯುತ್ತೀಯ ಎಂದು ರೇಗಿದಳು.

ಮರುದಿನ ಬೇಸಿನ್ನಿನ ಮುಂದೆ ಕೂತು ಕಥೆ ಹೇಳುತ್ತ ಬಂದವಳಿಗೆ ಕಡೆಯ ಭಾಗ ಬಾಯಿಗೇ ಬರಲಿಲ್ಲ. ಅಂಥ ಹೆಂಗಸನ್ನು ಮತ್ತೊಮ್ಮೆ, ತನ್ನ ಕೈಯಾರೆ, ಆ ಕಾಲಿನ ಮೇಲೆ ಹಾಕುವುದಾದರೂ ಹೇಗೆ? ಅವಳು ಕಥೆಯನ್ನು ಬೇರೆ ಕಡೆಗೆ ತಿರುಗಿಸಿದಳು.

"ಒಂದು ಹೊಲಿಗೆ ಮಿಷನ್ ತೊಗೊಂಡ್ಳು. ಸಣ್ಣ ರೂಮು. ಗಂಡ ಒಂದಿನ ಬಂದು ಬಾಗ್ಲಲ್ಲಿ ನಿಂತ. ಒಂದು ಲೋಟ ನೀರು ಕೊಟ್ಲು. ಕುಡ್ದ. ಲೋಟ ಈಸ್ಕೊಂಡ್ಳು, ಹೋಗ್ಬನ್ನಿ ಅಂದ್ಲು. ಅಷ್ಟೇ, ಮುಗೀತು."

ಪಕ್ಕದ ಬೇಸಿನ್ನಿನ ಆಂಜಿನಮ್ಮ ಕೇಳಿದಳು. "ಆಮೇಲೆ ಅವನು ಬರ್ಲೇ ಇಲ್ವಾ ಶಮ್ಸಕ್ಕ?"

"ಬರ್ಲಿಲ್ಲ."

"ಹಂಗಾದ್ರೆ ಈ ಸಲ ಇದಕ್ಕೇ ಹೋಗಣ," ಎಂದರು ಯಾರೋ. ಶಮ್ಸುನ್ನೀಸಾಗೆ ಆಗ ಹೊಳೆಯಿತು: ಹೋದರೆ ಬಂಡವಾಳ ಬಯಲಾಗುತ್ತದೆ. ಹಾಗೆಂದು ಅವಳು ಕೊಟ್ಟ ತೀರ್ಪು ಕೇಳಿ: "ಬೇಡ. ಕಥೆ ಹದಿನಾಲ್ಕಾಣೆ. ನಟನೆ ಎರಡಾಣೇನೂ ಇಲ್ಲ. ಆ ಹೀರೋಯಿನ್ನು ಮರದ ಬೊಂಬೆ. ನನ್ನ ಬಾಯಲ್ಲಿ ಕೇಳಿದ್ದೇ ಸಾಕು." ಆ ನಟಿಯ ಮುಖ ಕಣ್ಣ ಮುಂದೆ ಇರುವಾಗಲೇ ಈ ಮಾತು ಆಡಿದಳು. ಆಡಿ ನಾಲಿಗೆ ಕಚ್ಚಿಕೊಂಡಳು. ಆದರೆ ಹನ್ನೊಂದು ಜನವೂ ನಂಬಿದ್ದರು.

ಇಷ್ಟಕ್ಕೆ ನಿಂತಿದ್ದರೆ ಅದು ಒಂದು ಸುಳ್ಳಾಗಿ ಮುಗಿಯುತ್ತಿತ್ತು, ವಾರ ಕಳೆದರೆ ಸಿನಿಮಾ ಎತ್ತಿಬಿಡುತ್ತಿದ್ದರು. ಆದರೆ ಸೋಮವಾರ ಬೆಳಿಗ್ಗೆ ಆಂಜಿನಮ್ಮ ಮುಖ ಅರಳಿಸಿಕೊಂಡು ಬಂದಳು. ಅವಳ ಮಗಳು ಮುನಿರತ್ನ, ಮಂಚೇನಹಳ್ಳಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ವೆಂಕಟೇಶನ ಹೆಂಡತಿ, ಅವನ ಹೊಡೆತ ತಾಳದೆ ತವರಿಗೆ ಬಂದು ಎರಡು ತಿಂಗಳಾಗಿತ್ತು. ಅವಳನ್ನು ಕರೆದೊಯ್ಯಲು ಗಂಡನ ಕಡೆಯ ಹಿರಿಯರು ಚೆನ್ನರಾಯಪ್ಪನವರು ಭಾನುವಾರ ಬಂದಿದ್ದರಂತೆ.

"ಇಷ್ಟು ದಿನ ನನಗೆ ಧೈರ್ಯಾನೇ ಇರ್ಲಿಲ್ಲ ಶಮ್ಸಕ್ಕ. ಮೊನ್ನೆ ನೀನು ಹೇಳಿದ್ಯಲ್ಲ, ಅದೇ ತಲೇಲಿತ್ತು. ಕಳ್ಸಲ್ಲ ಅಂದ್ಬಿಟ್ಟೆ. ಒಂದು ಲೋಟ ನೀರೂ ಕೊಟ್ಟೆ. ಬರೋ ಭಾನುವಾರ ಮತ್ತೆ ಬರ್ತೀವಿ, ಯೋಚ್ನೆ ಮಾಡಿರು ಅಂತ ಹೋಗವ್ರೆ."

ಶಮ್ಸುನ್ನೀಸಾಳ ಎಳೆ ಎರಡು ಸಲ ತುಂಡಾಯಿತು. ಯಾರದೋ ಮಗಳ ಬದುಕು ತನ್ನ ಬಾಯಲ್ಲಿ ಹುಟ್ಟಿದ ಹೊಲಿಗೆ ಮಿಷನ್ನಿನ ಮೇಲೆ ಕೂತಿತ್ತು. ಹೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ನೀರು ಕುಡಿಯಲು ಎದ್ದುಹೋದಳು. ಮಂಗಳವಾರವೂ ಅದೇ ಪಾಡು. ಕೆಲಸ ಬಿಟ್ಟ ಮೇಲೆ ಆಂಜಿನಮ್ಮನ ಮನೆಯ ಬೀದಿಯಲ್ಲಿ ಎರಡು ಸುತ್ತು ಹಾಕಿ, ಬಾಗಿಲು ತಟ್ಟದೆ ವಾಪಸ್ಸು ಬಂದಳು.

ಬುಧವಾರ ಮಾರ್ಕೆಟ್ಟಿನಿಂದ ಗೂಡು ಸಾಕಷ್ಟು ಬರದೆ ಮಧ್ಯಾಹ್ನಕ್ಕೇ ಕೆಲಸ ನಿಂತಿತು. ಆಂಜಿನಮ್ಮ ಕೈ ಒರೆಸಿಕೊಳ್ಳುತ್ತ, "ಮುನಿರತ್ನನ್ನ ಕರ್ಕೊಂಡು ಆ ಸಿನಿಮಾಕ್ಕೆ ಹೋಗ್ತೀನಿ. ಹುಡ್ಗೀಗೂ ಧೈರ್ಯ ಬರ್ಲಿ," ಎಂದಳು.

"ಬೇಡ ಆಂಜಿನಮ್ಮ, ನಟನೆ ಚೆನ್ನಾಗಿಲ್ಲ ಅಂದ್ನಲ್ಲ. ಪ್ರಿಂಟೂ ಹಾಳಾಗಿದೆ, ಬರೀ ಗೀಟು."

"ಪೋನಿ ಬಿಡು. ನಟನೆ ಹೆಂಗಾದ್ರೂ ಇರ್ಲಿ, ನಮಗೆ ಬೇಕಾಗಿರೋದು ಕಥೆ."

ಶಮ್ಸುನ್ನೀಸಾ ಓಡುನಡಿಗೆಯಲ್ಲಿ ಟಾಕೀಸಿಗೆ ಬಂದು ಕಲಂದರನನ್ನು ಗೇಟಿನಿಂದ ಪಕ್ಕಕ್ಕೆ ಎಳೆದಳು. ಕಡೆಯ ರೀಲು ಹಾಕಬೇಡಿ, ಕರೆಂಟು ಹೋಯಿತು ಅನ್ನಿ, ಏನಾದರೂ ಮಾಡಿ ಎಂದಳು.

"ಆಪಾ, ನಿನಗೆ ತಲೆ ನೆಟ್ಟಗಿದೆಯಾ?" ಎಂದ ಕಲಂದರ್. "ಜನ ಬೆಂಚೆಲ್ಲ ಕಿತ್ತು ಹೊರಗೆ ಹಾಕ್ತಾರೆ. ಮೊದ್ಲು ನನ್ನ ಹೊರಗೆ ಹಾಕ್ತಾರೆ."

ಅವಳು ಒಳಗೆ ಹೋಗಿ ತಾಯಿ ಮಗಳ ಪಕ್ಕದಲ್ಲಿ ಕೂತಳು. ಮಾತು ಬಂದ ಕಡೆ ಪಿಸುಗುಟ್ಟಿ ಅರ್ಥ ಹೇಳಿದಳು. ಇಂಟರ್ವೆಲ್ಲಿನಲ್ಲಿ ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡಿದ್ದಳು. ಇಂಟರ್ವೆಲ್ ಬಂದಾಗ ಕಡಲೇಕಾಯಿ ಕೊಡಿಸಿದಳು, ಅಷ್ಟೇ. ಹೇಡಿ ಎಂದು ತನ್ನನ್ನು ತಾನೇ ಬೈದುಕೊಂಡಳು. ಮುನಿರತ್ನ ಕಡಲೇಕಾಯಿ ಪೊಟ್ಟಣ ಬಿಚ್ಚದೆ ಹಿಡಿದುಕೊಂಡಿದ್ದಳು. ಕಡೆಯ ರೀಲು ಬಂತು. ಪರದೆಯ ಮೇಲಿನ ಹೆಂಗಸು ಮನೆಗೆ ತಿರುಗಿ ಬಂದಳು, ಗಂಡನ ಕಾಲಿಗೆ ಬಿದ್ದಳು, ಅವನು ದೊಡ್ಡ ಮನಸ್ಸು ಮಾಡಿ ಎತ್ತಿದ. ಗಂಡಸರ ಕಡೆಯಿಂದ ಶಿಳ್ಳೆ ಬಿತ್ತು, ದೀಪ ಹತ್ತಿತು.

ಆಂಜಿನಮ್ಮ ಹೊರಗೆ ಬರುವವರೆಗೂ ತಡೆದುಕೊಂಡಿದ್ದಳು. "ಹೊಲಿಗೆ ಮಿಷನ್ ಎಲ್ಲಿ ಶಮ್ಸಕ್ಕ?"

"ಅದು ನಾನು ಸೇರಿಸಿದ್ದು."

"ನೀರು ಕೊಟ್ಟು ಕಳ್ಸಿದ್ದು?"

"ಅದೂನೂ. ಅವಳು ಕಾಲಿಗೆ ಬೀಳೋದನ್ನ ಹೇಳೋಕೆ ನನ್ನ ಕೈಲಾಗ್ಲಿಲ್ಲ ಆಂಜಿನಮ್ಮ. ತಪ್ಪಾಯ್ತು."

"ಬೀಗರ ಕಡೆ ಹಿರೀರ ಮುಂದೆ ಎದ್ದು ನಿಂತು ಮಾತಾಡಿದ್ನಲ್ಲ. ಲೋಕದಲ್ಲಿ ಹಿಂಗೂ ನಡೀತದೆ, ಸಿನಿಮಾದೋರೇ ತೋರ್ಸವ್ರೆ ಅಂತ ಮಾತಾಡ್ದೆ. ಅದು ನೀನು ಕೂತಲ್ಲೇ ಕಟ್ಟಿದ್ದಾ?" ಎಂದು ಆಂಜಿನಮ್ಮ ಸೆರಗು ಬಿಗಿದುಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದೇಬಿಟ್ಟಳು. ಮಗಳನ್ನೂ ಕರೆಯಲಿಲ್ಲ.

ಮುನಿರತ್ನ ನಿಂತಿದ್ದಳು. ಇಪ್ಪತ್ತೊಂದರ ಹುಡುಗಿ, ಮಾತು ಕಡಿಮೆ. "ಅವಳು ಚೆನ್ನಾಗಿ ಮಾಡಿಲ್ಲ ಅಂತ ಅಮ್ಮಂಗೆ ಹೇಳಿದ್ದೂ ನೀವೇನಾ?"

"ನಾನೇನಮ್ಮ. ಯಾರೂ ಹೋಗಿ ನೋಡ್ಬಾರ್ದು ಅಂತ ಹಂಗಂದೆ."

"ಅನ್ಬಾರ್ದಿತ್ತು. ಕಾಲಿಗೆ ಬಿದ್ದಾಗ ಅವಳ ಕಣ್ಣು ನೋಡಿದ್ರಾ? ಮನಸ್ಸಿಟ್ಟು ಬೀಳೋರು ಕಣ್ಣು ಮುಚ್ತಾರೆ. ಅವಳು ಅವನ ಕಾಲ ಪಕ್ಕದಿಂದ ಬಾಗ್ಲು ನೋಡ್ತಿದ್ಲು. ಅವಳಿನ್ನೂ ಆ ಮನೇಲಿಲ್ಲ. ನಾನೂ ಎರಡು ಸಲ ಬಿದ್ದಿದೀನಿ ಹಂಗೆ. ನನಗೊತ್ತಾಗುತ್ತೆ."

ಶಮ್ಸುನ್ನೀಸಾ ಎರಡು ಸಲ ಅದೇ ದೃಶ್ಯ ನೋಡಿದ್ದಳು. ಕಥೆಯ ಮೇಲಿನ ಕೋಪದಲ್ಲಿ ಆ ಕಣ್ಣು ಕಂಡಿರಲೇ ಇಲ್ಲ. ಹದಿನೈದು ವರ್ಷ ಸಾವಿರ ಮುಖಗಳಿಗೆ ಅಂಕ ಕೊಟ್ಟ ತನಗೆ ಕಾಣದೇ ಹೋದದ್ದು, ಹಿಂದಿಯ ಒಂದಕ್ಷರ ಬಾರದ ಹುಡುಗಿಗೆ ಒಂದೇ ನೋಟಕ್ಕೆ ಕಂಡಿತ್ತು. ನಾಚಿಕೆಯಾಯಿತು. ಕಥೆ ಬರೆದವನು ಆ ಹೆಂಗಸನ್ನು ಬಗ್ಗಿಸಿದ್ದ, ಪಾರ್ಟು ಮಾಡಿದವಳು ಬಗ್ಗಿದಂತೆ ಮಾಡಿ ಬಗ್ಗದೇ ಉಳಿದಿದ್ದಳು. ತಾನು ಹೋಗಿ ಅಂಥವಳನ್ನು ಮರದ ಬೊಂಬೆ ಎಂದಿದ್ದಳು.

ಗುರುವಾರ ಆಂಜಿನಮ್ಮ ಪಾಷಾ ಅವರನ್ನು ಕೇಳಿ ಬಾಗಿಲ ಹತ್ತಿರದ ಬೇಸಿನ್ನಿಗೆ ಜಾಗ ಬದಲಾಯಿಸಿಕೊಂಡಳು. ಶುಕ್ರವಾರ ಶಮ್ಸುನ್ನೀಸಾ ಸಿನಿಮಾಕ್ಕೆ ಹೋಗಲಿಲ್ಲ. ಮನೆಯಲ್ಲೂ ಇರಲಿಲ್ಲ. ಸಾದಲಿ ಬಸ್ಸು ಹತ್ತಿ, ಅಲ್ಲಿ ಯಾರ ಗುರುತೂ ಇಲ್ಲದೆ ಅಂಗಡಿ ಮುಂದೆ ಒಂದಷ್ಟು ಹೊತ್ತು ನಿಂತು, ಅದೇ ಬಸ್ಸಿನಲ್ಲಿ ವಾಪಸ್ಸಾದಳು. ಶನಿವಾರ ಹೆಂಗಸರು ಏನಾಯಿತು ಎಂದು ಕೇಳಿದರು. ಅವಳು ಎದ್ದು ನಿಂತು, ಹೋದ ವಾರದ ತೀರ್ಪು ಸುಳ್ಳು, ಕಥೆಯ ಕಡೆಯ ಭಾಗ ತಾನು ಕಟ್ಟಿದ್ದು, ಆ ನಟಿಯಂಥವಳನ್ನು ತಾನು ಇದುವರೆಗೆ ನೋಡಿಲ್ಲ ಎಂದು ಎಲ್ಲರ ಮುಂದೆ ಹೇಳಿದಳು. ಕೆಲವರು ನಕ್ಕರು, ಕೆಲವರು ಮುಖ ತಿರುಗಿಸಿದರು. ಬಾಗಿಲ ಹತ್ತಿರದವಳು ತಲೆ ಎತ್ತಲಿಲ್ಲ.

ಭಾನುವಾರ ಕಳೆಯುವುದು ಅವಳಿಗೆ ಬಹಳ ಕಷ್ಟವಾಯಿತು. ಚೆನ್ನರಾಯಪ್ಪನವರು ಈಗ ಬಂದಿರುತ್ತಾರೆ, ಈಗ ಕೂತಿರುತ್ತಾರೆ, ಈಗ ಹುಡುಗಿಯನ್ನು ಬಸ್ಸು ಹತ್ತಿಸಿರುತ್ತಾರೆ ಎಂದು ಲೆಕ್ಕ ಹಾಕುತ್ತ ಅಂಗಳದಲ್ಲಿ ಶತಪಥ ತುಳಿದಳು.

ಸೋಮವಾರ ಆಂಜಿನಮ್ಮ ತಾನಾಗಿ ಬಂದು ಹಳೆಯ ಜಾಗದಲ್ಲಿ ಕೂತಳು. ಗೂಡುಗಳನ್ನು ನೀರಿಗೆ ಬಿಟ್ಟು, ಬೇಸಿನ್ನನ್ನೇ ನೋಡುತ್ತ ಮಾತು ತೆಗೆದಳು.

"ನಿನ್ನೆ ನಾನೇ ಹೋಗು ಅಂದೆ. ಸೀರೆ ಮಡ್ಚಿ ಬ್ಯಾಗಿಗೆ ತುಂಬಿದ್ದೂ ನಾನೇ. ಯಾರೋ ಕಟ್ಟಿದ ಕಥೆ ನಂಬ್ಕೊಂಡು ಮಗಳ ಸಂಸಾರ ಕೆಡಿಸ್ಬಾರ್ದು ಅಂತ."

ಶಮ್ಸುನ್ನೀಸಾಳ ಕಣ್ಣು ತುಂಬಿಕೊಂಡಿತು. "ಹೋದ್ಲಾ?"

"ಬ್ಯಾಗು ತೊಗೊಂಡ್ಳು. ಚೆನ್ನರಾಯಪ್ಪನವರ ಮುಂದೆ ಇಟ್ಟು, ಸೀರೆ ಒಂದೊಂದೇ ಈಚೆ ತೆಗ್ದು, ಮತ್ತೆ ಹಗ್ಗದ ಮೇಲೆ ಹಾಕಿದ್ಲು. ಬಾಯಿಬಿಟ್ಟು ಒಂದು ಮಾತಾಡ್ಲಿಲ್ಲ. ಎಲ್ಲಾ ಹಾಕಿ ಮುಗ್ಸೋವರ್ಗೂ ನಾವು ಸುಮ್ನೆ ನೋಡ್ತಾ ಕೂತಿದ್ವಿ. ಆಮೇಲೆ ಅವರು ಚಪ್ಲಿ ಮೆಟ್ಕೊಂಡು ಹೋದ್ರು."

ಶಮ್ಸುನ್ನೀಸಾ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಕೇಳಬಾರದೆಂದುಕೊಂಡರೂ ಕೇಳಿಯೇಬಿಟ್ಟಳು. "ಆಗ ಯಾವ ಕಡೆ ನೋಡ್ತಿದ್ಲು?"

"ನನ್ನನ್ನೇ," ಎಂದಳು ಆಂಜಿನಮ್ಮ. ಅವಳ ಕೈಯಲ್ಲಿ ಎಳೆ ತುಂಡಾಯಿತು, ಹುಡುಕಿ ಮತ್ತೆ ಹಚ್ಚಿದಳು. "ಇನ್ಮೇಲೆ ನನಗೆ ಕಥೆ ಹೇಳ್ಬೇಡ ಶಮ್ಸಕ್ಕ. ಯಾರು ಹೆಂಗೆ ಮಾಡಿದ್ರು, ಅಷ್ಟು ಹೇಳು ಸಾಕು."