ಬೇರೆ ಮಾತು

ಮಕ್ಕಳೇ, ಹಲಸೂರಿನಲ್ಲಿ ನಮ್ಮ ಪಕ್ಕದ ಬಾಡಿಗೆ ಕೋಣೆಯಲ್ಲಿ ಕಲಬುರಗಿ ಕಡೆಯ ತಾಯಿಯೊಬ್ಬಳಿದ್ದಳು. ಅವಳ ಮಗಳು ದಪ್ಪಗಾಗುವ ಭಯಕ್ಕೆ ಊಟ ಬಿಟ್ಟು ಕಡ್ಡಿಯಾಗಿದ್ದಳು. ತಾಯಿ ಎಂದೂ "ತಿನ್ನು" ಎನ್ನಲಿಲ್ಲ. ಜೊತೆಗೆ ಕೂತು, ತನ್ನ ರೊಟ್ಟಿಯನ್ನೂ ಮಗಳಷ್ಟೇ ನಿಧಾನವಾಗಿ ಮುರಿಯುತ್ತಿದ್ದಳು. ಮನೆಗೆ ಬಂದವರಿಗೆ ಬಾಗಿಲಲ್ಲೇ, "ಊಟದ ಮಾತು ಬ್ಯಾಡ್ರಿ ಅಕ್ಕಾರ, ಬ್ಯಾರೆ ಏನರೆ ಮಾತಾಡ್ರಿ" ಎನ್ನುವಳು.

ತಿಂಗಳುಗಳ ಮೇಲೆ ಹುಡುಗಿ ಒಂದು ಇಡೀ ರೊಟ್ಟಿ ತಿನ್ನತೊಡಗಿದಳು. ಗೌರಿ ಹಬ್ಬದಲ್ಲಿ ಅರಿಶಿನ ಕುಂಕುಮಕ್ಕೆ ನಮ್ಮ ಮನೆಗೆ ಬಂದಾಗ ನಾನು ಅವಳ ಕೆನ್ನೆ ಸವರಿ, "ಈಗ ಮೈ ತುಂಬ್ಕೊಂಡು ಎಷ್ಟು ಲಕ್ಷಣವಾಗಿದೀಯಮ್ಮ!" ಎಂದೆ. ಅದು ಊಟದ ಮಾತಲ್ಲ, ಹೊಗಳಿಕೆ ಎಂದುಕೊಂಡಿದ್ದೆ. ಹುಡುಗಿ ಕೈಯಲ್ಲಿದ್ದ ಒಬ್ಬಟ್ಟನ್ನು ಕೆಳಗಿಟ್ಟಳು. ಅಂದಿನಿಂದ ಮತ್ತೆ ಊಟ ಬಿಟ್ಟಳು.

ತಪ್ಪಾಯಿತೆನ್ನಲು ಹೋದೆ. ತಾಯಿ ಬೈಯಲಿಲ್ಲ. "ಬ್ಯಾರೆ ಏನರೆ ಮಾತಾಡ್ರಿ ಅಕ್ಕಾರ" ಎಂದಳು.

ನನಗೆ ಬೇರೆ ಮಾತೇ ಹೊಳೆಯಲಿಲ್ಲ.