ಮೊದಲಿನ ಚೌಕ, ನಂತರದ ಚೌಕ

ನಮ್ಮ ಭಾವನ ಪ್ಯಾಂಟುಗಳೆಲ್ಲ ಮಂಡಿಯಲ್ಲೇ ಹರಿಯುತ್ತವೆ. ಕಚೇರಿಯಲ್ಲಿ ಕೆಲಸ ಮಾಡುವವರ ಪ್ಯಾಂಟು ಕೂತು ಕೂತು ಹಿಂದೆ ಸವೆಯಬೇಕು. ಅದು ನಮ್ಮ ನೌಕರಿಗೆ ಒಂದು ಲಕ್ಷಣ. ಇಪ್ಪತ್ತೆರಡು ವರ್ಷ ನೀರು ಸರಬರಾಜು ಕಚೇರಿಯಲ್ಲಿ ಕಳೆದರೂ ಭಾವನಿಗೆ ಆ ಲಕ್ಷಣ ಬರಲಿಲ್ಲ. ಕಚೇರಿಯವರು ಅವರಿಗೆ ‘ಕೆಸರು ಮಂಡಿ’ ಎಂದು ಹೆಸರಿಟ್ಟಿದ್ದರು. ಅವರ ಎದುರಿಗೇ ಹಾಗೆ ಕರೆಯುತ್ತಿದ್ದರು, ಅವರೂ ‘ಏನು?’ ಎಂದು ತಿರುಗಿ ನೋಡುತ್ತಿದ್ದರು.

ಅವರ ಕೆಲಸ ಕಷ್ಟದ್ದೇನಲ್ಲ. ಎಲ್ಲಿಯಾದರೂ ಪೈಪು ಸೋರುತ್ತಿದೆ ಎಂದು ದೂರು ಬಂದರೆ ಹೋಗಿ ಫೋಟೋ ತೆಗೆಯಬೇಕು. ಫಿಟ್ಟರ್ ಹೋಗಿ ರಿಪೇರಿ ಮಾಡಿದ ಮೇಲೆ ಅದೇ ಜಾಗಕ್ಕೆ ಹೋಗಿ ಇನ್ನೊಂದು ಫೋಟೋ ತೆಗೆಯಬೇಕು. ದೂರಿನ ನಮೂನೆಯಲ್ಲಿ ಇದಕ್ಕೆಂದೇ ಎರಡು ಚೌಕಗಳಿವೆ. ಎಡಗಡೆಯದರ ಮೇಲೆ ‘ಮೊದಲು’, ಬಲಗಡೆಯದರ ಮೇಲೆ ‘ನಂತರ’. ಅದೇ ಕಚೇರಿಯಲ್ಲಿ ನಾನು ಗುಮಾಸ್ತ. ಭಾವ ಮುದ್ರಿಸಿ ತಂದ ಫೋಟೋಗಳಿಗೆ ಗೋಂದು ಹಚ್ಚಿ ಚೌಕಗಳಿಗೆ ಅಂಟಿಸುವವನು. ಅಂದರೆ ಒಂದೇ ಸಂಸಾರದ ಇಬ್ಬರಿಗೆ ಅನ್ನ ಹಾಕುವಷ್ಟು ಸೋರಿಕೆ ನಮ್ಮಲ್ಲಿತ್ತು.

ಸೋರಿಕೆಯ ಫೋಟೋ ಹೇಗಿರಬೇಕು ಎಂದು ಯಾರಿಗಾದರೂ ಗೊತ್ತು. ಪೈಪು, ತೂತು, ಕೊಚ್ಚೆ. ನೋಡಿದವರು ಮೂಗು ಮುಚ್ಚಿಕೊಳ್ಳಬೇಕು. ಭಾವ ಹಾಗಲ್ಲ. ಕಚೇರಿ ಕೊಟ್ಟಿದ್ದ, ಗಾಜು ಬಿರುಕು ಬಿಟ್ಟ ಹಳೇ ಮೊಬೈಲು ಹಿಡಿದು ಕೆಸರಿನಲ್ಲೇ ಮಂಡಿಯೂರಿ, ಉಸಿರು ಬಿಗಿಹಿಡಿದು ಅರ್ಧ ಗಂಟೆ ಕೂರುತ್ತಿದ್ದರು. ಫೋಟೋದಲ್ಲಿ ಬರುತ್ತಿದ್ದದ್ದು ಪಾಚಿಯ ಮೇಲೆ ನಿಂತ ಒಂದು ಹನಿ, ಆ ಹನಿಯೊಳಗೆ ತಲೆಕೆಳಗಾದ ಇಡೀ ಬೀದಿ. ಇಲ್ಲವೇ ಪೈಪಿನ ತುಕ್ಕಿನ ಮೇಲೆ ಕೂತ ಏರೋಪ್ಲೇನ್ ಚಿಟ್ಟೆ. ತೂತು ಎಲ್ಲಿದೆ ಎಂದು ನಮ್ಮ ಸಾಹೇಬರು ಕನ್ನಡಕ ಏರಿಸಿ, ಇಳಿಸಿ ಹುಡುಕಬೇಕಾಗುತ್ತಿತ್ತು. ಇನ್ನು ರಿಪೇರಿಯಾದ ಮೇಲಿನ ಫೋಟೋ ಕೇಳಲೇಬೇಡಿ. ಭಾವ ಅದನ್ನು ನಿಂತುಕೊಂಡೇ, ಬೇರೆಲ್ಲೋ ನೋಡುತ್ತ ತೆಗೆದಿರುತ್ತಿದ್ದರು. ಬೂದು ಸಿಮೆಂಟು, ಮೂಲೆಯಲ್ಲಿ ಅವರದೇ ಚಪ್ಪಲಿಯ ತುದಿ.

‘ಮೊದಲಿನದು ಕೆಟ್ಟದಾಗಿ ಕಾಣಬೇಕು ಕಣ್ರೀ, ಆಗಲ್ಲವೇ ನಂತರದ್ದು ಚೆನ್ನಾಗಿ ಕಾಣೋದು’ ಎಂದು ಸಾಹೇಬರು ವರ್ಷಕ್ಕೆರಡು ಸಲ ಬುದ್ಧಿ ಹೇಳುತ್ತಿದ್ದರು. ಭಾವ ತಲೆಯಾಡಿಸಿ ಹೋಗಿ ಮತ್ತೊಂದು ಬಸವನಹುಳುವಿನ ಫೋಟೋ ತರುತ್ತಿದ್ದರು.

ಈಗ ಮನೆಯ ವಿಷಯ. ಅಕ್ಕ, ಭಾವ ಇರುವುದು ಮೂರನೇ ಮಹಡಿಯಲ್ಲಿ, ನಾನು ಅದೇ ಕಟ್ಟಡದ ನೆಲಮಹಡಿಯ ಒಂದು ಕೋಣೆಯಲ್ಲಿ. ನೀರು ಬಿಡುವುದು ಬೆಳಗ್ಗೆ ಆರರಿಂದ ಏಳೂವರೆ. ಒಂದು ದಿನ ಮೂರನೇ ಮಹಡಿಯ ನಲ್ಲಿ ಬುಸ್ಸೆಂದು ಗಾಳಿ ಬಿಟ್ಟು ಸುಮ್ಮನಾಯಿತು. ಮರುದಿನವೂ ಅಷ್ಟೆ. ಕೆಳಗೆ ಅಂಗಳದ ನಲ್ಲಿಯಲ್ಲಿ ಮಾತ್ರ ಸಣ್ಣಗೆ ಬರುತ್ತಿತ್ತು. ಅಂದಿನಿಂದ ಅಕ್ಕ ದಿನಕ್ಕೆ ಎಂಟು ಬಕೆಟ್ ನೀರನ್ನು ಐವತ್ತನಾಲ್ಕು ಮೆಟ್ಟಿಲು ಹತ್ತಿಸತೊಡಗಿದಳು. ನಾನು ಬಾಗಿಲಲ್ಲಿ ನಿಂತು ‘ನಿಧಾನ ಅಕ್ಕ’ ಎನ್ನುತ್ತಿದ್ದೆ. ಎರಡು ಸಲ ಬಕೆಟ್ ಹೊತ್ತದ್ದೂ ಉಂಟು. ಆ ಎರಡು ಸಲವನ್ನು ನಾನು ಮರೆತಿಲ್ಲ, ಯಾರಿಗೂ ಮರೆಯಲು ಬಿಟ್ಟಿಲ್ಲ.

ಅಕ್ಕನದು ಕೈಕೆಲಸ. ದರ್ಜಿ ಅಂಗಡಿಯವರು ಕೊಡುವ ಅಂಗಿಗಳಿಗೆ ಮನೆಯಲ್ಲೇ ಕಾಜಾ ಹೊಲಿದು, ಗುಂಡಿ ಹಾಕಿ ಕೊಡುತ್ತಾಳೆ. ಎಂಟು ಬಕೆಟ್ ಹೊತ್ತ ಕೈಯಲ್ಲಿ ಸೂಜಿ ನಿಲ್ಲುವುದಿಲ್ಲ ಎಂದು ಗಂಡನಿಗೆ ಹೇಳಿದಳು. ಭಾವ ನಿಯಮದ ಮನುಷ್ಯ. ಮನೆಯಲ್ಲಿ ಹೇಳಿದರೆ ಅದು ದೂರು ಎನಿಸಿಕೊಳ್ಳುವುದಿಲ್ಲ, ಬರೆದುಕೊಡು ಎಂದರು. ಅಕ್ಕ ಬರೆದುಕೊಟ್ಟಳು. ಅದನ್ನು ತಾವೇ ಜೇಬಿನಲ್ಲಿಟ್ಟುಕೊಂಡು ಹೋಗಿ ಕಚೇರಿಯಲ್ಲಿ ಕೊಟ್ಟು, ನಂಬರು ಹಾಕಿಸಿ, ಮರುದಿನ ಆರು ಗಂಟೆಗೇ ತಪಾಸಣೆಗೆ ಹೊರಟರು. ನಮ್ಮ ಕಚೇರಿ ಅಂಥ ಚುರುಕನ್ನು ಕಂಡೇ ಇರಲಿಲ್ಲ.

ಸೋರಿಕೆ ಇದ್ದದ್ದು ಹಿಂದಿನ ಗಲ್ಲಿಯಲ್ಲಿ, ಮುಚ್ಚಿಹೋದ ಒಂದು ಮುದ್ರಣಾಲಯದ ಗೋಡೆಯ ಬುಡದಲ್ಲಿ. ಪೈಪಿನ ಜಾಯಿಂಟಿನಿಂದ ನೀರು ಚಿಮ್ಮಿ, ಕಲ್ಲಿನ ಒಂದು ಹಳ್ಳಕ್ಕೆ ಬೀಳುತ್ತಿತ್ತು. ಸುತ್ತ ಪಾಚಿ, ಗೋಡೆಯ ಸಂದಿನಲ್ಲಿ ಬೆರಳುದ್ದದ ಜರಿಗಿಡ. ಆ ಹಳ್ಳದಲ್ಲಿ ಎರಡು ಗುಬ್ಬಿಗಳು ಸ್ನಾನ ಮಾಡುತ್ತಿದ್ದವು. ಭಾವ ಅಲ್ಲಿಂದ ಮೂವತ್ತೊಂದು ಫೋಟೋ ತೆಗೆದುಕೊಂಡು, ಲಾಟರಿ ಹೊಡೆದವರ ಮುಖ ಹೊತ್ತು ಬಂದರು. ಒಂದರಲ್ಲಿ ಗುಬ್ಬಿ ರೆಕ್ಕೆ ಕೊಡವಿದೆ, ಹಾರಿದ ಹನಿಗಳಿಗೆಲ್ಲ ಬಿಸಿಲು ಹೊಕ್ಕಿದೆ. ಸುಳ್ಳು ಯಾಕೆ ಹೇಳಲಿ, ನಾನು ಅಷ್ಟು ಚೆಂದದ ಫೋಟೋ ನೋಡಿರಲಿಲ್ಲ.

ಅದನ್ನೇ ಮುದ್ರಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ತಾರೀಕು ಬರೆದು, ‘ಮೊದಲು’ ಎಂದೂ ಬರೆದು ನನ್ನ ಮೇಜಿನ ಮೇಲಿಟ್ಟರು. ನಾನು ಹಿಂಬದಿ ಓದುವವನಲ್ಲ, ಹಿಂಬದಿಗೆ ಗೋಂದು ಹಚ್ಚುವವನು. ವಾರಕ್ಕೆ ನಲವತ್ತು ನಮೂನೆಗಳಲ್ಲಿ ದೂರು ಯಾರದು ಎಂದು ನೋಡುವ ಚಾಳಿಯೂ ನನಗಿರಲಿಲ್ಲ. ಭಾವನ ರೀತಿ ಇಷ್ಟು ವರ್ಷ ನೋಡಿದ್ದರೂ, ಫೋಟೋ ಚೆನ್ನಾಗಿದೆ, ಆದ್ದರಿಂದ ರಿಪೇರಿಯಾಗಿದೆ ಎಂದು ನನ್ನ ತಲೆ ತೀರ್ಮಾನಿಸಿತು. ಬಲಗಡೆಯ ಚೌಕಕ್ಕೆ ಅಂಟಿಸಿದೆ. ಎಡಗಡೆಯದು ಖಾಲಿ ಉಳಿಯಿತು. ಎಡಗಡೆ ಖಾಲಿ ಇದ್ದರೆ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಊರು ಮೊದಲು ಹೇಗಿತ್ತು ಎಂಬ ಚಿಂತೆ ಯಾರಿಗಿದೆ?

ಸಾಹೇಬರು ಸಹಿ ಹಾಕುವ ಮುಂಚೆ ಎರಡು ನಿಮಿಷ ಆ ಫೋಟೋ ನೋಡಿದರು. ಕೆಲಸ ಅಂದರೆ ಹೀಗಿರಬೇಕು ಎಂದರು. ಅದರ ಇನ್ನೊಂದು ಪ್ರತಿ ತೆಗೆಸಿ ‘ಮಾದರಿ ದುರಸ್ತಿ’ ಎಂಬ ತಲೆಬರಹ ಹಾಕಿ ನೋಟೀಸು ಬೋರ್ಡಿಗೆ ಹಚ್ಚಿಸಿದರು. ಆ ಗಲ್ಲಿಗೆ ಕಾಲೇ ಇಡದ ಫಿಟ್ಟರ್ ಬೋರ್ಡಿನ ಮುಂದೆ ನಿಂತು, ಆ ಜಾಯಿಂಟು ತನಗೆ ಎಷ್ಟು ಕಾಟ ಕೊಟ್ಟಿತು ಎಂದು ನಾಲ್ಕು ಜನರಿಗೆ ವಿವರಿಸಿದ. ಭಾವ ಕೂಡ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಹೆಮ್ಮೆಯಿಂದ ಎಂದುಕೊಂಡೆ.

ಅಂದಿನಿಂದ ಭಾವ ದಿನಾ ಬೆಳಗ್ಗೆ ಆರಕ್ಕೆ ಮೊಬೈಲು ಹಿಡಿದು ಹೊರಡುತ್ತಿದ್ದರು. ತಡವಾದರೆ ಬೆಳಕು ಹೋಗಿಬಿಡುತ್ತದಂತೆ. ಮೆಟ್ಟಿಲ ಮೇಲೆ ಬಕೆಟ್ ಹೊತ್ತ ಅಕ್ಕ ಎದುರಾದರೆ ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತಿದ್ದರು; ಅಷ್ಟು ಸೂಕ್ಷ್ಮದ ಮನುಷ್ಯ. ಗುಬ್ಬಿಯ ಫೋಟೋಗೆ ಕಟ್ಟು ಹಾಕಿಸಿ ಮನೆಯಲ್ಲಿ, ಅಕ್ಕ ಕೂತು ಕಾಜಾ ಹೊಲಿಯುವ ಜಾಗದ ಎದುರು ಗೋಡೆಗೆ ತಗುಲಿಹಾಕಿದರು. ಅಕ್ಕನಿಗೂ ಅದು ಇಷ್ಟವಾಗಿತ್ತು. ದಿನಾ ಸೆರಗಿನ ತುದಿಯಿಂದ ಗಾಜು ಒರೆಸುತ್ತಿದ್ದಳು. ಎಲ್ಲಿ ತೆಗೆದದ್ದು ಎಂದು ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ.

ಹೀಗೆ ನಾಲ್ಕು ತಿಂಗಳು. ಅಕ್ಕ ನನ್ನನ್ನು ಕೇಳಿದಾಗೆಲ್ಲ ಫೈಲು ನಡೆಯುತ್ತಿದೆ ಎನ್ನುತ್ತಿದ್ದೆ. ಕೊನೆಗೆ ಅವಳು ನಮ್ಮಿಬ್ಬರನ್ನೂ ಬಿಟ್ಟು ನೇರವಾಗಿ ಸಾಹೇಬರಿಗೇ ಕಾಗದ ಬರೆದು, ತನ್ನ ದೂರು ಏನಾಯಿತು ಎಂದು ಕೇಳಿದಳು. ಒಂದು ರಜೆಯ ದಿನ ನಾನು ಅವರ ಮನೆಯಲ್ಲಿ ಟೀ ಕುಡಿಯುತ್ತ ಕೂತಿದ್ದಾಗ, ಹಿಂದಿನ ದಿನ ಬಂದಿದ್ದ ಉತ್ತರವನ್ನು ಅಕ್ಕ ಒಡೆದು ಓದಿದಳು. ದೂರನ್ನು ತೃಪ್ತಿಕರವಾಗಿ ಇತ್ಯರ್ಥಪಡಿಸಲಾಗಿದೆ, ಪುರಾವೆಗಾಗಿ ಚಿತ್ರ ಲಗತ್ತಿಸಿದೆ. ಜೊತೆಗೆ ನಮೂನೆಯ ನಕಲು. ಬಲಗಡೆಯ ಚೌಕದಲ್ಲಿ, ಸ್ವಲ್ಪ ಸೊಟ್ಟಗೆ, ಗುಬ್ಬಿ.

ಅಕ್ಕ ಕಾಗದ ನೋಡಿದಳು, ಗೋಡೆ ನೋಡಿದಳು. ಎದ್ದು ಹೋಗಿ ಕಟ್ಟು ಹಾಕಿದ ಫೋಟೋ ಇಳಿಸಿ ತಂದು ಕಾಗದದ ಪಕ್ಕದಲ್ಲಿಟ್ಟಳು.

‘ರೀ, ಇದು ಎಲ್ಲಿ ತೆಗೆದಿದ್ದು?’

‘ಹಿಂದಿನ ಗಲ್ಲೀಲಿ.’

‘ಇದು ನಮ್ಮನೆ ನೀರಾ?’

ಭಾವ ಹೂಂ ಎಂದರು.

‘ನಾಲ್ಕು ತಿಂಗಳಿಂದ ಇದರ ಧೂಳು ಒರೆಸ್ತಾ ಇದೀನಿ ನಾನು’ ಎಂದಳು ಅಕ್ಕ. ದನಿ ಏರಿಸಲಿಲ್ಲ. ಏರಿಸಿದ್ದರೆ ನಮಗೆ ಸುಲಭವಾಗುತ್ತಿತ್ತು.

ಭಾವ ತಮ್ಮ ಸಮಜಾಯಿಷಿ ಕೊಟ್ಟರು. ತಾವು ಫೋಟೋ ಕೊಟ್ಟದ್ದು ಮೊದಲಿನದು ಎಂದೇ. ಅದು ಹೇಗೆ ನಂತರದ್ದಾಯಿತೋ ಗೊತ್ತಿಲ್ಲ. ಬೋರ್ಡಿನ ಮೇಲೆ ನೋಡಿದ ದಿನವೇ ಫೈಲು ಮುಚ್ಚಿದೆ ಎಂದು ತಿಳಿಯಿತು, ಮುಚ್ಚಿದ್ದು ತಾವಲ್ಲವಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡರಂತೆ. ಪ್ರತಿದಿನ ಬೆಳಗ್ಗೆ ಹೋದಾಗ ಗುಬ್ಬಿಗಳು ಬಂದಿರುತ್ತಿದ್ದವು, ಇನ್ನೊಂದು ದಿನ ಇರಲಿ ಅನ್ನಿಸುತ್ತಿತ್ತಂತೆ. ಇಷ್ಟು ಹೇಳುವಾಗ ಅವರು ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ನಾನು ಲೋಟದ ತಳ ನೋಡುತ್ತಿದ್ದೆ.

ಅಕ್ಕ ಗಂಡನೊಡನೆ ಮಾತು ಬಿಟ್ಟಳು. ಫೋಟೋ ಮಾತ್ರ ಮತ್ತೆ ಗೋಡೆಗೆ ಹೋಯಿತು. ಅದನ್ನು ಒರೆಸುವವರಿಲ್ಲದೆ ಐದೇ ದಿನದಲ್ಲಿ ಗುಬ್ಬಿ ಮಬ್ಬಾಯಿತು. ಆ ಐದು ದಿನ ನಾನೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಗಂಡ ಹೆಂಡತಿ ಮಧ್ಯೆ ಮೂರನೆಯವರು ಬಾಯಿ ಹಾಕಬಾರದು ಎಂಬ ಶಿಷ್ಟಾಚಾರ ಅಷ್ಟು ಉಪಯೋಗಕ್ಕೆ ಬರುತ್ತದೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಆರನೆಯ ದಿನ ಅಕ್ಕ ಎರಡನೇ ಮಹಡಿಯ ತಿರುವಿನಲ್ಲಿ ಬಕೆಟ್ ಇಟ್ಟು, ಕೈಯನ್ನು ಗೋಡೆಯ ತಣ್ಣನೆಯ ಗಾರೆಗೆ ಒತ್ತಿಕೊಂಡು ನಿಂತದ್ದನ್ನು ನೋಡಿದೆ. ತಡೆಯಲಾಗಲಿಲ್ಲ. ಹೋಗಿ ಬಕೆಟ್ ಎತ್ತಿಕೊಂಡು, ಅಂಟಿಸಿದವನು ನಾನು ಎಂದೆ.

‘ಗೊತ್ತು ಕಣೋ’ ಎಂದಳು. ‘ನೀನು ಯಾವತ್ತು ನೆಟ್ಟಗೆ ಅಂಟಿಸಿದೀಯ? ನೋಡಿದ ತಕ್ಷಣ ಗೊತ್ತಾಯ್ತು.’

‘ಮತ್ತೆ ಭಾವನ ಮೇಲೆ ಯಾಕೆ ಸಿಟ್ಟು?’

‘ನೀನು ನೋಡದೆ ಅಂಟಿಸಿದೆ. ಅವರು ನೋಡ್ತಾ ನೋಡ್ತಾ ಸುಮ್ಮನಿದ್ರು.’

ಬಕೆಟ್ ಮೇಲೆ ತಲುಪುವಷ್ಟರಲ್ಲಿ ನನ್ನ ಕೈ ಕಿತ್ತು ಬರುವಂತಾಗಿತ್ತು. ಅದು ಒಂದು ಬಕೆಟ್.

ಅಂದೇ ಸಾಹೇಬರ ಮುಂದೆ ತಪ್ಪು ಒಪ್ಪಿಕೊಂಡೆ. ಅವರು ಒಪ್ಪಲಿಲ್ಲ. ಮಾದರಿ ದುರಸ್ತಿ ಎಂದು ಬೋರ್ಡಿನ ಮೇಲಿರುವ ಪೈಪು ಸೋರಲು ಸಾಧ್ಯವೇ ಇಲ್ಲ ಎಂದರು. ಸೋರಲೇಬೇಕಾದರೆ ಹೊಸದಾಗಿ ಸೋರಬೇಕು, ಹೊಸ ದೂರು ಬೇಕು. ನಾನು ಪೆಚ್ಚುಮೋರೆ ಹಾಕಿಕೊಂಡು ಹೊರಗೆ ಬಂದರೆ, ಬಾಗಿಲ ಪಕ್ಕದ ಬೆಂಚಿನಲ್ಲಿ ಭಾವ ಆಗಲೇ ಬರೆಯುತ್ತ ಕೂತಿದ್ದರು. ದೂರುದಾರರ ಹೆಸರಿನ ಜಾಗದಲ್ಲಿ ತಮ್ಮದೇ ಹೆಸರು, ಸೋರಿಕೆ ಯಾವಾಗಿನಿಂದ ಎಂಬ ಜಾಗದಲ್ಲಿ ‘ನಾಲ್ಕು ತಿಂಗಳು, ನನಗೆ ಗೊತ್ತಿದ್ದಂತೆ’.

ಫಿಟ್ಟರ್ ಗೊಣಗಿಕೊಂಡೇ ಬಂದ. ಒಂದು ಸಲ ಮಾಡಿದೆ ಎಂದು ಹೇಳಿಯಾದ ಕೆಲಸವನ್ನು ನಿಜವಾಗಿ ಮಾಡುವುದು ಯಾರಿಗೂ ಬೇಸರವೇ. ಚಪ್ಪಟೆ ಉಳಿಯಿಂದ ಪಾಚಿ ಕೆರೆದ, ಜರಿಗಿಡ ಕಿತ್ತ, ಜಾಯಿಂಟು ಬಿಗಿಸಿ ಸಿಮೆಂಟು ಮೆತ್ತಿದ. ಗುಬ್ಬಿಗಳು ಗೋಡೆಯ ಮೇಲೆ ಕೂತು ನೋಡುತ್ತಿದ್ದವು. ಭಾವನೂ ನೋಡುತ್ತಿದ್ದರು. ನನಗೆ ಅವರನ್ನು ಕಂಡು ನಿಜವಾಗಿ ಕನಿಕರವಾಯಿತು. ಸಿಮೆಂಟಿನ ಫೋಟೋ ತೆಗೆಯಿರಿ, ಮುಗಿಯಲಿ ಎಂದೆ. ನಾಳೆ ತೆಗೆಯುತ್ತೇನೆ ಎಂದರು.

ಮರುದಿನ ಆರು ಗಂಟೆಗೆ ನನ್ನ ಕೋಣೆಯ ಗೋಡೆಯೊಳಗಿನ ಪೈಪು ಗುಳುಗುಳು ಎಂದಿತು. ಮೇಲೆ ಓಡಿದೆ. ಮೂರನೇ ಮಹಡಿಯ ನಲ್ಲಿ ಕೆಮ್ಮಿ, ಉಗುಳಿ, ಆಮೇಲೆ ನೆಟ್ಟಗೆ ಸುರಿಯತೊಡಗಿತ್ತು. ಅಕ್ಕ ನಂಬಿಕೆಯಿಲ್ಲದವಳಂತೆ ನೀರಿಗೆ ಅಂಗೈ ಒಡ್ಡಿ ನಿಂತಿದ್ದಳು. ಕಿಟಕಿಯಿಂದ ಎಳೆಬಿಸಿಲು ಬಂದು ನೀರಿನ ಮೇಲೆ ಬಿದ್ದಿತ್ತು. ಆ ಹೊತ್ತಿಗೆ ಮನೆಯಲ್ಲಿ ಇದ್ದೇ ಗೊತ್ತಿಲ್ಲದ ಭಾವ ಅಡುಗೆಮನೆಯ ಒದ್ದೆ ನೆಲದಲ್ಲಿ ಮಂಡಿಯೂರಿ ಮೊಬೈಲು ಹಿಡಿದಿದ್ದರು. ಅಕ್ಕ ಎಡಗೈಯಿಂದ ಕೂದಲು ಸರಿಮಾಡಿಕೊಂಡಳು. ಸುಮ್ಮನೆ ಮಾಡಿಕೊಂಡಳು, ಫೋಟೋದಲ್ಲಿ ಅವರಿಗೆ ಮುಖ ಬೇಕಿರಲಿಲ್ಲ.

ಫೋಟೋ ತೆಗೆದು, ಎಂದಿನಂತೆ ಅದನ್ನು ದೊಡ್ಡದು ಮಾಡಿ ನೋಡಿದರು. ಹನಿ, ಬೆಳಕು, ಅಂಗೈ. ಅಂಗೈ ಮೇಲೆ ಈ ತುದಿಯಿಂದ ಆ ತುದಿಗೆ ಬಕೆಟ್ ಹಿಡಿಕೆಯ ದಪ್ಪದ ಒಂದು ಕಪ್ಪು ಗೆರೆ, ಜಡ್ಡುಗಟ್ಟಿದ್ದು. ಎಲೆಯಡಿಯ ಇರುವೆ ಕಾಣುವ ಕಣ್ಣು ಅವರದು. ಮೊಬೈಲು ನೆಲದ ಮೇಲಿಟ್ಟು ಅಕ್ಕನ ಕೈ ಹಿಡಿದುಕೊಂಡರು.

‘ಇದು ಯಾವಾಗ ಆಯ್ತು?’

‘ಬೆಳಗ್ಗೆ ಆರಕ್ಕೆ’ ಎಂದಳು ಅಕ್ಕ. ‘ದಿನಾ.’

ಮುಂದೆ ಅವರೇನಾದರೂ ಮಾತಾಡಿಕೊಂಡರೋ ಇಲ್ಲವೋ ನನಗೆ ಗೊತ್ತಿಲ್ಲ. ಅಷ್ಟು ಹೊತ್ತಿಗೆ ನಾನು ಕೆಳಗೆ ಇಳಿದುಬಿಟ್ಟಿದ್ದೆ.

ಕಚೇರಿಯಲ್ಲಿ ಭಾವ ಎರಡು ಫೋಟೋ ಕೊಟ್ಟರು. ಒಂದು ಗುಬ್ಬಿಯದು, ಒಂದು ಕೈಯದು. ಎರಡರ ಹಿಂಬದಿಯನ್ನೂ ತಿರುಗಿಸಿ ಎರಡೆರಡು ಸಲ ಓದಿ, ಅಡಿಕೋಲು ಇಟ್ಟು ನೇರ ನೋಡಿ ಅಂಟಿಸಿದೆ. ಸಾಹೇಬರು ಸಹಿ ಹಾಕಲು ಪೆನ್ನು ತೆಗೆದವರು ಹಾಗೇ ನಿಂತರು. ಎಡಗಡೆಯದು ಮತ್ತೆ ಚೆನ್ನಾಗಿದೆಯಲ್ಲ ಎಂದು ಮುಖ ಸಿಂಡರಿಸಿದರು. ಬಲಗಡೆಯದರ ಮೇಲೆ ಪೆನ್ನಿನ ತುದಿ ಇಟ್ಟು ಕೇಳಿದರು.

‘ಇದೇನಿದು ಗೆರೆ? ಕಲೆ ಇಲ್ಲದ್ದು ಇನ್ನೊಂದು ತೆಗೆದುಕೊಂಡು ಬರೋಕೆ ಹೇಳಿ.’

‘ಅದು ಹೋಗೋಕೆ ಇನ್ನೂ ದಿನ ಬೇಕು ಸಾರ್’ ಎಂದೆ.