ಎಡೆಗೆ ಇಡಬೇಕಾದದ್ದು

ಪ್ಲೇಗಿನ ವರ್ಷ ನಾನು ಬಿಳಿಗೆರೆಯಲ್ಲಿ ಶಾಲೆಯ ಮೇಷ್ಟ್ರಾಗಿದ್ದೆ. ಹೆಂಡತಿ ಮಾಘದಲ್ಲಿ ತೀರಿಕೊಂಡಳು. ಊರ ಹೊರಗೆ ಹಾಕಿಕೊಂಡಿದ್ದ ಗುಡಿಸಲಿನಲ್ಲಿ, ಮೂರೇ ದಿನ. ಅಳು ಬರುತ್ತದೆಂದು ಕಾದೆ; ಬರಲಿಲ್ಲ. ಶಾಲೆ ತೆರೆದ ದಿನವೇ ಹೋಗಿ ಮಗ್ಗಿ ಹೇಳಿಸಿದೆ.

ಆ ಮಳೆಗಾಲದಲ್ಲಿ ನನ್ನ ಗುರುಗಳೊಬ್ಬರು ಮೈಸೂರಿನಿಂದ ಕಾಗದ ಹಾಕಿ, ಹಳ್ಳಿಯ ಮಾತುಗಳನ್ನು ಅರ್ಥದೊಡನೆ ಬರೆದು ಕಳಿಸು ಎಂದರು. 'ಎಡೆ' ಎಂಬ ಎರಡಕ್ಷರಕ್ಕೇ ಹದಿನೈದು ದಿನ ಹೋಯಿತು. ಎಡೆ ಎಂದರೆ ಜಾಗ. ಎರಡರ ನಡುವಿನ ಸಂದು. ಎಡೆಬಿಡದೆ ಮಳೆ ಸುರಿಯಿತು ಎನ್ನುವಾಗ, ಬಿಡುವು. ಶಾಲೆಯ ಎದುರಿನ ರಾಗಿ ಹೊಲದಲ್ಲಿ ಕುಂಟೆ ಹಿಡಿದಿದ್ದ ಗೌಡರನ್ನು ಕೇಳಿದರೆ, "ಇದೇ ಕಣ್ ಮೇಷ್ಟ್ರೇ ಎಡೆ ಒಡ್ಯೋದು. ಸಾಲಿನ ನಡೂಕೆ ಕುಂಟೆ ಆಯ್ಸಿದ್ರೆ ಕಳೆ ಸಾಯ್ತದೆ, ಪೈರು ಉಸ್ರಾಡ್ತದೆ" ಎಂದರು. ಕಡೆಯದು, ಸತ್ತವರಿಗೆಂದು ಬಡಿಸಿಡುವ ಎಲೆ. ಮೊದಲ ಅರ್ಥ ಜಾಗವೇ, ಉಳಿದವು ಅದರಿಂದ ಟಿಸಿಲೊಡೆದವು. ಇಲ್ಲದವರಿಗೂ ಕೂರಲು ಜಾಗ ಮಾಡಿ ಬಡಿಸುವುದರಿಂದ ಆ ಎಲೆಗೂ ಅದೇ ಹೆಸರು ಬಂದಿರಬೇಕು ಎಂದು ಬರೆದೆ. ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹೆಂಡತಿಯ ನೆನಪು ಬರಲಿಲ್ಲ.

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಅವಳಿಗೆ ಮೊದಲ ಎಡೆ. ಅಣ್ಣನ ಮನೆಯಲ್ಲಿದ್ದ ಅವ್ವ ಅಡುಗೆ ಮಾಡಲೆಂದು ನಾಲ್ಕು ದಿನ ಮೊದಲೇ ಬಂದಳು. ಸತ್ತವರು ಇಷ್ಟಪಡುತ್ತಿದ್ದ ಒಂದು ತಿನಿಸಾದರೂ ಎಡೆಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಅವರು ಎಲೆ ಮುಟ್ಟದೆ ಹಸಿದುಕೊಂಡೇ ಹೋಗುತ್ತಾರೆ ಎಂದು ನಮ್ಮಲ್ಲಿ ನಂಬಿಕೆ.

"ಅವ್ಳು ಏನ್ನ ಇಷ್ಟಪಟ್ಟು ತಿಂತಿದ್ಲು ಯೋಳ್ಲಾ, ಅದ್ನೇ ಮಾಡ್ತೀನಿ" ಎಂದಳು ಅವ್ವ.

ನನಗೆ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ಅವಳು ಬಡಿಸಿದ್ದನ್ನು ಉಂಡಿದ್ದೆ. ನಾನು ಎದ್ದು ಕೈ ತೊಳೆದ ಮೇಲೆ ಅವಳು ಒಳಗೆ ಕೂತು ಉಣ್ಣುತ್ತಿದ್ದಳು. ಒಂದು ದಿನವೂ ಇಣುಕಿ ನೋಡಿದವನಲ್ಲ. ನಾಚಿಕೆಯಾಯಿತು, ಅಷ್ಟು ತಿಂಗಳಲ್ಲಿ ನನಗೆ ಏನಾದರೂ ಆದದ್ದು ಅದೊಂದೇ.

ಮಾರನೆಯ ದಿನ ಗಾಡಿ ಕಟ್ಟಿಸಿಕೊಂಡು ನರಸೀಪುರಕ್ಕೆ ಹೋಗಿ, ಹರಿಗೋಲಿನಲ್ಲಿ ಹೊಳೆ ದಾಟಿ ಅವಳ ತವರು ಸೋಸಲೆಯನ್ನು ಸೇರಿದೆ. ಅವಳ ತಾಯಿ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ಕೇಳಿದೆ. ಅವರು ಮೊರ ಕೆಳಗಿಟ್ಟರು.

"ಅನ್ನೆರ್ಡು ವರ್ಸಕ್ಕೇ ನಿಮ್ಮನೇಗೆ ಕಳಿಸ್ಬುಟ್ಟೆ ಕಣಪ್ಪಾ. ಆಗ ಬೆಲ್ಲ ಅಂದ್ರೆ ಪ್ರಾಣ ಬುಡೋಳು. ಆಮ್ಯಾಕೆ ಏನ್ ಇಷ್ಟ ಆಯ್ತೋ ನಂಗೇನ್ ಗೊತ್ತು? ನಿಮ್ಗೇ ಗೊತ್ತಿರ್ಬೇಕು."

ಅವರು ಚುಚ್ಚಿ ಆಡಿದ್ದಲ್ಲ. ನಾನು ಹೇಳುತ್ತೇನೆಂದು ನಿಜವಾಗಿಯೂ ನನ್ನ ಮುಖ ನೋಡುತ್ತ ಕಾದರು.

ಅಮಾವಾಸ್ಯೆಯ ದಿನ ಅವ್ವ ಕಡುಬು, ಪಾಯಸ ಎಲ್ಲ ಬಡಿಸಿದಳು. ನಾನು ಎಲೆಯ ತುದಿಯಲ್ಲಿ ಒಂದುಂಡೆ ಬೆಲ್ಲ ಇಟ್ಟೆ. ಪದ್ಧತಿಯಂತೆ ಬಾಗಿಲು ಎಳೆದುಕೊಂಡು ಹೊರಗೆ ಕೂತೆವು. ಸಾಯುವಾಗ ಅವಳಿಗೆ ಇಪ್ಪತ್ತಾರು ವರ್ಷ. ನಾನು ಎಡೆ ಇಟ್ಟದ್ದು ಹನ್ನೆರಡು ವರ್ಷದ ಹುಡುಗಿಗೆ. ಆಮೇಲೆ ಹದಿನಾಲ್ಕು ವರ್ಷ ನನ್ನ ಮನೆಯಲ್ಲಿದ್ದವಳು ಹಸಿದುಕೊಂಡೇ ಹೋಗಿರಬೇಕು.